ಡೇಟಾಬೇಸ್ ಸರ್ವರ್ ನಿಗಾವಣೆ

ಡೇಟಾಬೇಸ್ ಸರ್ವರ್ ನಿಗಾವಣೆ ಎಂದರೆ ದತ್ತಸಂಚಯವನ್ನು (ಡೇಟಾಬೇಸ್) ಇರಿಸಿಕೊಂಡಿರುವ ಗಣಕದ ಸ್ಥಿತಿಯನ್ನು ನಿರಂತರವಾಗಿ ಅಳೆದು, ದಾಖಲಿಸಿ, ನಿರ್ವಹಣೆಯ ಲೋಪಗಳನ್ನು ಅವು ಸೇವೆಯನ್ನು ನಿಲ್ಲಿಸುವ ಮೊದಲೇ ಗುರುತಿಸುವ ಕಾರ್ಯ. ಇದನ್ನು ಸಾಮಾನ್ಯವಾಗಿ ದತ್ತಸಂಚಯ ನಿರ್ವಾಹಕರು ನೋಡಿಕೊಳ್ಳುತ್ತಾರೆ. ಬ್ಯಾಂಕು, ರೈಲ್ವೆ, ಆಸ್ಪತ್ರೆ ಮತ್ತು ಸರಕಾರಿ ಕಚೇರಿಗಳ ದೈನಂದಿನ ಕೆಲಸ ದತ್ತಸಂಚಯಗಳನ್ನೇ ಅವಲಂಬಿಸಿರುವುದರಿಂದ ಇದಕ್ಕೆ ಮಹತ್ವ ಬಂದಿದೆ.

ಅಗತ್ಯ

ದತ್ತಸಂಚಯದ ತೊಂದರೆಗಳಲ್ಲಿ ಹಲವು ಹಠಾತ್ತನೆ ಹುಟ್ಟುವುದಿಲ್ಲ. ಡಿಸ್ಕಿನ ಜಾಗ ದಿನದಿನಕ್ಕೆ ತುಂಬುತ್ತದೆ. ಅಳಿಸಿದ ಸಾಲುಗಳ ಅವಶೇಷ ಕೋಷ್ಟಕಗಳಲ್ಲಿ ಉಳಿದು ಹುಡುಕಾಟ ನಿಧಾನವಾಗುತ್ತದೆ. ಬ್ಯಾಕಪ್ ಯಾವುದೋ ರಾತ್ರಿ ವಿಫಲವಾಗಿ, ಮುಂದಿನ ರಾತ್ರಿಗಳಲ್ಲೂ ವಿಫಲವಾಗುತ್ತ ಹೋಗುತ್ತದೆ. ಇಷ್ಟಾದರೂ ಬಳಕೆದಾರರಿಗೆ ಸೇವೆ ಎಂದಿನಂತೆ ದೊರೆಯುತ್ತಿರುತ್ತದೆ. ಕೊರತೆ ಹೊರಗೆ ಕಾಣಿಸಿಕೊಳ್ಳುವ ವೇಳೆಗೆ ಸುಲಭ ಪರಿಹಾರದ ಕಾಲ ಮೀರಿರುತ್ತದೆ.

ಗಮನಿಸಬೇಕಾದ ಅಂಶಗಳು

ಡಿಸ್ಕಿನ ಜಾಗ: ಎಷ್ಟು ಜಾಗ ತುಂಬಿದೆ ಎಂಬುದಕ್ಕಿಂತ ಯಾವ ವೇಗದಲ್ಲಿ ತುಂಬುತ್ತಿದೆ ಎಂಬುದು ಮುಖ್ಯ. ಉದಾಹರಣೆಗೆ, 500 ಗಿಗಾಬೈಟಿನ ಎರಡು ಡಿಸ್ಕುಗಳಲ್ಲಿ ತಲಾ 400 ಗಿಗಾಬೈಟ್ ತುಂಬಿದೆ ಎಂದುಕೊಳ್ಳೋಣ. ಮೊದಲನೆಯದು ದಿನಕ್ಕೆ 2 ಗಿಗಾಬೈಟ್ ಬೆಳೆದರೆ 50 ದಿನಗಳ ಅವಕಾಶವಿರುತ್ತದೆ; ಎರಡನೆಯದು 20 ಗಿಗಾಬೈಟ್ ಬೆಳೆದರೆ ಉಳಿಯುವುದು 5 ದಿನ ಮಾತ್ರ. ಎರಡೂ ಕಡೆ ಶೇಕಡಾ 80 ಎಂಬ ಒಂದೇ ಅಂಕಿ ಕಾಣುತ್ತದೆ.

ಸಂಪರ್ಕಗಳ ಸಂಖ್ಯೆ: ಒಂದೇ ವೇಳೆಗೆ ಸರ್ವರಿಗೆ ಎಷ್ಟು ಸಂಪರ್ಕಗಳು ಬರಬಹುದೆಂಬುದಕ್ಕೆ ಮಿತಿಯಿದೆ. ಬದಲಾಯಿಸದಿದ್ದರೆ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಇದು ಸಾಮಾನ್ಯವಾಗಿ 100, ಮೈಎಸ್‌ಕ್ಯೂಎಲ್‌ನಲ್ಲಿ 151. ಮಿತಿ ತುಂಬಿದ ಮೇಲೆ ಬಂದವರಿಗೆ ಪ್ರವೇಶ ದೊರೆಯದು.

ನಿಧಾನ ಪ್ರಶ್ನೆಗಳು ಮತ್ತು ಬೀಗಗಳು: ಒಂದು ವ್ಯವಹಾರ ಕೆಲವು ಸಾಲುಗಳಿಗೆ ಬೀಗ ಹಾಕಿ ಮುಗಿಯದೆ ಉಳಿದರೆ, ಅದೇ ಸಾಲುಗಳನ್ನು ತಿದ್ದಬೇಕಾದ ಇತರ ವ್ಯವಹಾರಗಳು ಕಾಯುತ್ತ ನಿಲ್ಲುತ್ತವೆ. ಹೀಗೆ ದೀರ್ಘಕಾಲ ಓಡುತ್ತಿರುವ ಪ್ರಶ್ನೆಗಳನ್ನು ಪಟ್ಟಿಮಾಡುವ ಸೌಲಭ್ಯ ಪ್ರಮುಖ ತಂತ್ರಾಂಶಗಳಲ್ಲಿದೆ.

ಪ್ರತಿಕೃತಿಯ ವಿಳಂಬ: ಮುಖ್ಯ ಸರ್ವರಿನ ಬದಲಾವಣೆಗಳು ಸಹಾಯಕ ಸರ್ವರಿಗೆ ಎಷ್ಟು ತಡವಾಗಿ ತಲುಪುತ್ತಿವೆ ಎಂಬ ಅಳತೆ. ವಿಳಂಬ ಹೆಚ್ಚಿದ್ದಾಗ ಮುಖ್ಯ ಸರ್ವರ್ ಕೆಟ್ಟರೆ, ಆ ಅವಧಿಯ ಮಾಹಿತಿ ನಷ್ಟವಾಗುವ ಸಂಭವವಿದೆ.

ಸಂಖ್ಯೆಗಳ ಮಿತಿ: ಪ್ರತಿ ಹೊಸ ಸಾಲಿಗೆ ಕ್ರಮಸಂಖ್ಯೆ ನೀಡುವ ಕೋಷ್ಟಕಗಳಲ್ಲಿ 32 ಬಿಟ್ ಪೂರ್ಣಾಂಕವನ್ನು ಬಳಸಿದ್ದರೆ, 2,147,483,647ರ ನಂತರ ಹೊಸ ಸಾಲು ಸೇರಿಸಲಾಗದು.

ಬ್ಯಾಕಪ್: ಬ್ಯಾಕಪ್ ಕಡತ ಸಿದ್ಧವಾಯಿತೆ, ಅದರ ಗಾತ್ರ ಹಿಂದಿನ ದಿನಗಳದ್ದಕ್ಕೆ ಹೊಂದುತ್ತದೆಯೆ ಎಂಬುದನ್ನು ನಿತ್ಯವೂ ನೋಡಬೇಕು. ಅದನ್ನು ಬೇರೊಂದು ಗಣಕದಲ್ಲಿ ಮರಳಿ ಸ್ಥಾಪಿಸಿ ನೋಡಿದಾಗ ಮಾತ್ರ ಅದು ಉಪಯುಕ್ತವೆಂದು ಖಚಿತವಾಗುತ್ತದೆ.

ಎಚ್ಚರಿಕೆ ವ್ಯವಸ್ಥೆ

ನಾಗಿಯೋಸ್, ಜ್ಯಾಬಿಕ್ಸ್, ಪ್ರೊಮಿಥಿಯಸ್ ಮೊದಲಾದ ಮುಕ್ತ ತಂತ್ರಾಂಶಗಳು ಈ ಅಳತೆಗಳನ್ನು ಸಂಗ್ರಹಿಸುತ್ತವೆ. ಗ್ರಫಾನಾ ಅವನ್ನು ನಕ್ಷೆಗಳಾಗಿ ತೋರಿಸುತ್ತದೆ. ಅಳತೆ ನಿಗದಿತ ಮಿತಿಯನ್ನು ದಾಟಿದಾಗ ಹೊಣೆ ಹೊತ್ತವರಿಗೆ ಇ-ಅಂಚೆ ಅಥವಾ ಮೊಬೈಲ್ ಸಂದೇಶ ಹೋಗುತ್ತದೆ. ಮಿತಿಯನ್ನು ತೀರ ಕೆಳಗಿಟ್ಟರೆ ಕ್ಷುಲ್ಲಕ ಕಾರಣಗಳಿಗೂ ಸಂದೇಶಗಳು ಬಂದು, ಓದುವವರು ಅವನ್ನು ಅಲಕ್ಷಿಸತೊಡಗುತ್ತಾರೆ. ತೀರ ಮೇಲಿಟ್ಟರೆ ಸರಿಪಡಿಸಲು ಸಮಯ ಉಳಿಯದು. ಸಂದೇಶ ಬಾರದಿರುವುದನ್ನೇ ಕ್ಷೇಮದ ಲಕ್ಷಣವೆಂದು ತಿಳಿಯುವುದೂ ಅಪಾಯಕರ. ಸಂದೇಶ ಕಳುಹಿಸುವ ವ್ಯವಸ್ಥೆಯೇ ಕೆಟ್ಟಿರಬಹುದು. ಆದ್ದರಿಂದ ಅದನ್ನೂ ಆಗಾಗ ಪರೀಕ್ಷಿಸಲಾಗುತ್ತದೆ.

ಪ್ರಮುಖ ಘಟನೆಗಳು

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಪ್ರತಿಕೃತಿಯ ತೊಂದರೆಯನ್ನು ಸರಿಪಡಿಸುವಾಗ, ಮುಖ್ಯ ಸರ್ವರಿನ ಮಾಹಿತಿ ಕಣ್ತಪ್ಪಿನಿಂದ ಅಳಿಸಿಹೋಯಿತು. ಆಗ ಹುಡುಕಿದರೆ, ನಿತ್ಯದ ಬ್ಯಾಕಪ್ ಇರಬೇಕಾದ ಸ್ಥಳ ಬರಿದಾಗಿತ್ತು. ಬ್ಯಾಕಪ್ ತಂತ್ರಾಂಶದ ಆವೃತ್ತಿ ದತ್ತಸಂಚಯದ ಆವೃತ್ತಿಗೆ ಹೊಂದದೆ ಆ ಕೆಲಸ ವಿಫಲವಾಗುತ್ತಿತ್ತು. ವೈಫಲ್ಯವನ್ನು ತಿಳಿಸುವ ಇ-ಅಂಚೆಗಳು ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಸುಮಾರು 6 ಗಂಟೆ ಮೊದಲು ತೆಗೆದಿದ್ದ ಬೇರೊಂದು ಪ್ರತಿಯಿಂದ ಮಾಹಿತಿಯನ್ನು ಮರಳಿ ಪಡೆಯಲಾಯಿತು. ನಡುವಿನ ಅವಧಿಯದು ನಷ್ಟವಾಯಿತು.

2018ರ ನವೆಂಬರ್‌ನಲ್ಲಿ ಬೇಸ್‌ಕ್ಯಾಂಪ್ ಸೇವೆಯ ಒಂದು ಕೋಷ್ಟಕ ಮೇಲೆ ಹೇಳಿದ 32 ಬಿಟ್ ಮಿತಿಯನ್ನು ಮುಟ್ಟಿತು. ಸುಮಾರು 5 ಗಂಟೆ ಕಾಲ ಬಳಕೆದಾರರು ಮಾಹಿತಿಯನ್ನು ಓದಬಹುದಾಗಿತ್ತೇ ಹೊರತು ಹೊಸದನ್ನು ಸೇರಿಸುವಂತಿರಲಿಲ್ಲ.

ಕರ್ನಾಟಕದಲ್ಲಿ

ಕರ್ನಾಟಕದ ಕಂದಾಯ ಇಲಾಖೆಯ ಭೂಮಿ ಯೋಜನೆಯು ಜನಸಾಮಾನ್ಯರು ದತ್ತಸಂಚಯವನ್ನು ಅವಲಂಬಿಸಿರುವುದಕ್ಕೆ ಉತ್ತಮ ನಿದರ್ಶನ. 2000ದ ಆಸುಪಾಸಿನಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರದ (ಎನ್‌ಐಸಿ) ತಾಂತ್ರಿಕ ನೆರವಿನಿಂದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಲಾಯಿತು. ಅದಕ್ಕೂ ಮೊದಲು ಪಹಣಿಯನ್ನು ಗ್ರಾಮ ಲೆಕ್ಕಿಗರು ಕೈಬರಹದಲ್ಲಿ ನೀಡುತ್ತಿದ್ದರು. ಗಣಕೀಕರಣದ ತರುವಾಯ ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು. ಹೀಗಾಗಿ ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಂತಹ ಊರಿನ ರೈತರು ಬೆಳೆ ಸಾಲಕ್ಕೆ ಪಹಣಿ ಪಡೆಯಲು ಹೋದಾಗ ಸರ್ವರ್ ನಿಂತಿದ್ದರೆ, ಅದಕ್ಕೆ ಬದಲಾಗಿ ಒಪ್ಪಿಸಬಹುದಾದ ಕೈಬರಹದ ದಾಖಲೆ ಇಲ್ಲ. ದೂರದ ಸರ್ವರ್ ನಿಂತುಹೋದರೆ ಅವರಿಗೆ ಅಂದಿನ ಕೂಲಿಯೂ ಬಸ್ಸಿನ ಖರ್ಚೂ ನಷ್ಟ.

ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶವು 2023ರಲ್ಲಿ ಜಾರಿಗೆ ಬಂದಿತು. 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ನಕಲಿ ಖಾತೆಗಳಿಂದ ಋಣಭಾರ ಪತ್ರದ ಹುಡುಕಾಟಕ್ಕೆ ವಿಪರೀತ ಕೋರಿಕೆಗಳು ಬಂದು, ರಾಜ್ಯದಲ್ಲಿ ನೋಂದಣಿ ಕಾರ್ಯ ಅಸ್ತವ್ಯಸ್ತವಾಯಿತು. ಇದು ನಿರ್ವಹಣೆಯ ಲೋಪವಲ್ಲ, ದಾಳಿ. ಆದರೂ ಸಾಮಾನ್ಯ ದಿನಗಳ ಕೋರಿಕೆಗಳ ಪ್ರಮಾಣ ದಾಖಲಾಗಿದ್ದರೆ ಇಂತಹ ಅಸಹಜ ಏರಿಕೆಯನ್ನೂ ಬೇಗ ಗುರುತಿಸಬಹುದು.

ಮಿತಿಗಳು

ನಿಗಾವಣೆ ತೊಂದರೆಯನ್ನು ತೋರಿಸುತ್ತದೆಯೇ ಹೊರತು ಪರಿಹರಿಸುವುದಿಲ್ಲ. ಎಚ್ಚರಿಕೆ ಬಂದಾಗ ಯಾರು ಏನು ಮಾಡಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು. ಅಳೆಯುವ ಕ್ರಿಯೆಯೂ ಸರ್ವರಿನ ಮೇಲೆ ಸ್ವಲ್ಪ ಹೊರೆ ಹಾಕುತ್ತದೆ. ನಿಗಾ ತಂತ್ರಾಂಶವನ್ನು ಅದೇ ಸರ್ವರಿನಲ್ಲಿ ಇಟ್ಟರೆ, ಸರ್ವರ್ ನಿಂತಾಗ ಅದೂ ನಿಲ್ಲುತ್ತದೆ. ಆದ್ದರಿಂದ ಅದನ್ನು ಪ್ರತ್ಯೇಕ ಗಣಕದಲ್ಲಿ ಇರಿಸುವುದು ರೂಢಿ.

ಇವನ್ನೂ ನೋಡಿ

ದತ್ತಸಂಚಯ
ಭೂಮಿ ಯೋಜನೆ
ಪಹಣಿ
ಮುಕ್ತ ತಂತ್ರಾಂಶ