ಒದ್ದೆ ಬಟ್ಟೆಯಿಂದ ಎರಡನೇ ಪಂಪಿನವರೆಗೆ

ಈ ಕಥೆ ನಿಮ್ಮಲ್ಲಿ ಹಲವರು ಮನೆಯಲ್ಲೇ ಕೇಳಿರ್ತೀರಿ. ಏಪ್ರಿಲ್ ಬಿಸಿಲು, ಶಿರಾಡಿ ಘಾಟಿ. ಅಜ್ಜನ ಅಂಬಾಸಿಡರ್ ಏರಿನಲ್ಲಿ ನಿಂತುಬಿಡುತ್ತೆ. ಡ್ರೈವರ್ ಬಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕ್ತಾನೆ. ಸ್ವಲ್ಪ ಹೊತ್ತಿಗೆ ಗಾಡಿ ಮತ್ತೆ ಹೊರಡುತ್ತೆ. ಇದು ಮಂತ್ರ ಅಲ್ಲ. ಎಂಜಿನ್ನಿನ ಪಕ್ಕದಲ್ಲೇ ಇದ್ದ ಪಂಪು ಕಾದು, ಒಳಗಿನ ಪೆಟ್ರೋಲ್ ಆವಿಯಾಗ್ತಿತ್ತು. ದ್ರವ ಎಳೆಯೋಕೆ ಮಾಡಿದ ಪಂಪು ಆವಿಯನ್ನು ಎಳೆಯಲಾರದು. ಇದೇ ವೇಪರ್ ಲಾಕ್.

ಇದಕ್ಕೂ ಹಿಂದೆ ಪಂಪೇ ಇಲ್ಲದ ಕಾರುಗಳಿದ್ದವು. 1908ರ ಫೋರ್ಡ್ ಮಾಡೆಲ್ ಟಿಯಲ್ಲಿ ಟ್ಯಾಂಕು ಸೀಟಿನ ಕೆಳಗೆ ಇತ್ತು, ಪೆಟ್ರೋಲ್ ತಾನಾಗಿ ಇಳಿದು ಎಂಜಿನ್ ಸೇರಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದರೆ ಕಡಿದಾದ ಗುಡ್ಡವನ್ನು ರಿವರ್ಸಿನಲ್ಲಿ ಹತ್ತುತ್ತಿದ್ದರು!

ಈಗ 1967ಕ್ಕೆ ಬನ್ನಿ. ಆ ವರ್ಷ ಒಮಾನಿನ ಕಚ್ಚಾತೈಲ ಮೀನಾ ಅಲ್ ಫಹಲ್‌ನಿಂದ ಮೊದಲ ಸಲ ಹಡಗು ಹತ್ತಿತು. ಅದೇ ವರ್ಷ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಇಂಜೆಕ್ಷನ್ ಫೋಕ್ಸ್‌ವ್ಯಾಗನ್ 1600ರಲ್ಲಿ ಬಂತು. ಕಾರ್ಬ್ಯುರೇಟರಿಗೆ ಪೆಟ್ರೋಲ್ ಮುಟ್ಟಿಸಿದರೆ ಸಾಕಿತ್ತು. ಇಂಜೆಕ್ಟರಿಗೆ ಒತ್ತಡ ಬೇಕು. ಹಾಗಾಗಿ ವಿದ್ಯುತ್ ಪಂಪು ಬಂತು, ಮುಂದೆ ಟ್ಯಾಂಕಿನ ಒಳಗೇ ಹೋಗಿ ಕೂತಿತು. ಸುತ್ತಲಿನ ಪೆಟ್ರೋಲೇ ಅದನ್ನು ತಂಪಾಗಿಡುತ್ತೆ. ಅಜ್ಜನ ಒದ್ದೆ ಬಟ್ಟೆಗೆ ಕಾಯಂ ವ್ಯವಸ್ಥೆ ಆಯ್ತು ಅನ್ನಿ.

1970ರಲ್ಲಿ ಒಮಾನಿನಲ್ಲಿದ್ದ ಡಾಂಬರು ರಸ್ತೆ ಸುಮಾರು 10 ಕಿಲೋಮೀಟರ್ ಮಾತ್ರ. ಇವತ್ತು ಹಮ್ರಿಯಾದ ಮನೆಯಿಂದ ಹೊರಟರೆ ಪಕ್ಕದ ವಾದಿ ಕಬೀರ್‌ನಲ್ಲಿ ಗ್ಯಾರೇಜುಗಳ ಸಾಲೇ ಇದೆ. ನಿಸಾನ್ ಪಟ್ರೋಲ್‌ನ 4.8 ಲೀಟರ್ ಎಂಜಿನ್ ಕಾರ್ಖಾನೆಯಿಂದ ಬರ್ತಿದ್ದದ್ದು 300ಕ್ಕಿಂತ ಕಡಿಮೆ ಹಾರ್ಸ್‌ಪವರಿನಲ್ಲಿ. ಮರಳುಗುಡ್ಡ ಹತ್ತಿಸೋಕೆ ಗಲ್ಫಿನ ಮೆಕ್ಯಾನಿಕ್‌ಗಳು ಅದಕ್ಕೆ ಟರ್ಬೊ ಕೂರಿಸಿ 1000 ದಾಟಿಸಿದ್ದಾರೆ.

ಆದರೆ ಅಷ್ಟು ಶಕ್ತಿಗೆ ಪೆಟ್ರೋಲ್ ಎಷ್ಟು ಬೇಕು? ಲೆಕ್ಕ ನೋಡಿ. ಟರ್ಬೊ ಎಂಜಿನ್ ಪೂರ್ತಿ ಜೋರಿನಲ್ಲಿ ಒಂದು ಹಾರ್ಸ್‌ಪವರಿಗೆ ಗಂಟೆಗೆ ಸುಮಾರು 270 ಗ್ರಾಂ ಕುಡಿಯುತ್ತೆ. 600 ಹಾರ್ಸ್‌ಪವರಿಗೆ 162 ಕಿಲೋ, ಅಂದರೆ ಹತ್ತಿರ ಹತ್ತಿರ 220 ಲೀಟರ್. ‘ಗಂಟೆಗೆ 255 ಲೀಟರಿನ ಪಂಪು ಇದೆಯಲ್ಲ, ಸಾಕು’ ಅಂತೀರಾ? ತಡೀರಿ. ಮೂಲ ಒತ್ತಡ 3 ಬಾರ್, ಟರ್ಬೊ 1.5 ಬಾರ್ ಗಾಳಿ ತುಂಬಿದರೆ ಪಂಪು 4.5 ಬಾರ್ ಕೊಡಬೇಕು. ಒತ್ತಡ ಏರಿದಷ್ಟೂ ಪಂಪು ತಳ್ಳುವ ಪ್ರಮಾಣ ಇಳಿಯುತ್ತೆ. ಹಳೇ ತೆಳ್ಳಗಿನ ವೈರಿನಲ್ಲಿ ವೋಲ್ಟೇಜ್ ಬಿದ್ದರೆ ಇನ್ನೂ ಇಳಿಯುತ್ತೆ. ಅದಕ್ಕೇ ತಿಳಿದವರು ಪಂಪಿನ ಜೊತೆ ದಪ್ಪ ವೈರು, ಫ್ಯೂಸು, ರಿಲೇ, ರೆಗ್ಯುಲೇಟರ್ ಎಲ್ಲ ಬದಲಿಸ್ತಾರೆ.

ಕೆಲವರು ಎರಡನೇ ಪಂಪು ಹಾಕಿಸಿ, ಟರ್ಬೊ ಜೋರು ಮಾಡಿದಾಗ ಮಾತ್ರ ಓಡುವಂತೆ ಮಾಡ್ತಾರೆ. ಅಪಾಯ ಇಲ್ಲೇ ಇದೆ. ಅದು ಕೆಟ್ಟರೂ ರೂವಿಯ ಟ್ರಾಫಿಕ್ಕಿನಲ್ಲಿ ಗೊತ್ತಾಗಲ್ಲ. ಹೈವೇಯಲ್ಲಿ ಪೂರ್ತಿ ಒತ್ತಿದಾಗಲೇ ಗೊತ್ತಾಗೋದು. ಒತ್ತಡ ಬಿದ್ದರೆ ತಕ್ಷಣ ಟರ್ಬೊ ತಗ್ಗಿಸುವ ಸೆನ್ಸರ್ ಇರಲೇಬೇಕು.

ಯಾಕಂದ್ರೆ, ಪೆಟ್ರೋಲ್ ಸಾಲದಾದಾಗ ಅಜ್ಜನ ಅಂಬಾಸಿಡರ್ ಸುಮ್ಮನೆ ನಿಂತುಬಿಡ್ತಿತ್ತು. ಟರ್ಬೊ ಕಾರು ನಿಲ್ಲಲ್ಲ. ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿಯಾಗಿ, ಉರಿ ವಿಪರೀತ ಕಾದು, ಕೆಲವೇ ಸೆಕೆಂಡಿನಲ್ಲಿ ಪಿಸ್ಟನ್ ಕರಗಬಹುದು.

ಮಗನೋ ತಮ್ಮನೋ ಇಂಥ ಕೆಲಸಕ್ಕೆ ಹೊರಟಿದ್ದರೆ ಬೈಯಬೇಡಿ. ಪೊಲೀಸ್ ನಿಯಮ ಕೇಳಿಕೊಂಡಿದ್ದೀಯಾ ಅಂತ ಮೊದಲು ಕೇಳಿ. ಆಮೇಲೆ ಎಷ್ಟು ಹಾರ್ಸ್‌ಪವರ್ ಅಂತಲ್ಲ, ‘4.5 ಬಾರಿನಲ್ಲಿ ಪಂಪು ಎಷ್ಟು ಲೀಟರ್ ಕೊಡುತ್ತೆ?’ ಅಂತ ಕೇಳಿ. ಉತ್ತರ ಬರದಿದ್ದರೆ ಘಾಟಿಯ ಕಥೆ ಹೇಳಿ.