ಒಲೆ ಹೊಸದು, ಚಿಮಣಿ ಹಳೆಯದು

ಬೆಂಜಮಿನ್ ಫ್ರಾಂಕ್ಲಿನ್ ಎಂದೊಡನೆ ನೆನಪಾಗುವುದು ಗಾಳಿಪಟ ಮತ್ತು ಮಿಂಚು. ಆದರೆ ಆತನನ್ನು ನಾಲ್ಕು ದಶಕಗಳ ಕಾಲ ಬಿಡದೆ ಕಾಡಿದ್ದು ಮನೆಯ ಹೊಗೆ.

ಹದಿನೆಂಟನೇ ಶತಮಾನದ ಅಮೆರಿಕದ ಮನೆಗಳಲ್ಲಿ ಚಳಿ ಕಾಯಿಸಲು ಇದ್ದದ್ದು ಗೋಡೆಯೊಳಗಿನ ತೆರೆದ ಅಗ್ಗಿಷ್ಟಿಕೆ. ಅದರ ಮೇಲೆ ಆಳೊಬ್ಬ ಇಳಿಯಬಹುದಾದಷ್ಟು ಅಗಲವಾದ ಇಟ್ಟಿಗೆಯ ಚಿಮಣಿ. ಉರಿದ ಸೌದೆಯ ಶಾಖದ ಬಹುಪಾಲು ಈ ದಾರಿಯಲ್ಲೇ ಆಕಾಶ ಸೇರುತ್ತಿತ್ತು. ಮುಖ ಬೆಂದರೂ ಬೆನ್ನು ನಡುಗುವ ಸ್ಥಿತಿ. ಫಿಲಡೆಲ್ಫಿಯದ ಸುತ್ತಲ ಕಾಡು ಕರಗಿ ಸೌದೆಯ ಬೆಲೆ ಏರುತ್ತಿದ್ದುದನ್ನು ಕಂಡ ಫ್ರಾಂಕ್ಲಿನ್, ಈ ಅಗ್ಗಿಷ್ಟಿಕೆಯೊಳಗೆ ಕೂರುವ ಕಬ್ಬಿಣದ ಒಲೆಯೊಂದನ್ನು ರೂಪಿಸಿ, 1744ರಲ್ಲಿ ಅದರ ಬಗ್ಗೆ ಪುಸ್ತಿಕೆಯನ್ನೇ ಅಚ್ಚು ಹಾಕಿಸಿದ. ಗವರ್ನರ್ ಪೇಟೆಂಟ್ ಕೊಡಲು ಮುಂದಾದಾಗ ಬೇಡವೆಂದ. ಈ ಒಲೆಯಲ್ಲಿ ಹೊಗೆ ನೇರವಾಗಿ ಮೇಲೇರುವಂತಿರಲಿಲ್ಲ. ಕಬ್ಬಿಣದ ಪೆಟ್ಟಿಗೆಯೊಂದನ್ನು ಹತ್ತಿ, ಹಿಂಬದಿಯಲ್ಲಿ ಕೆಳಗಿಳಿದು, ನೆಲದಡಿಯಿಂದ ಸುತ್ತಿ ಚಿಮಣಿ ಸೇರಬೇಕಿತ್ತು. ಅಷ್ಟರಲ್ಲಿ ತನ್ನ ಶಾಖವನ್ನೆಲ್ಲ ಕೋಣೆಗೆ ಬಿಟ್ಟುಕೊಡಲಿ ಎಂಬುದು ಲೆಕ್ಕಾಚಾರ.

ಲೆಕ್ಕಾಚಾರ ತಪ್ಪಲಿಲ್ಲ, ಎಡವಟ್ಟಾದದ್ದೇ ಅಲ್ಲಿ. ಚಿಮಣಿ ಕೆಲಸ ಮಾಡುವುದು ಶಾಖದಿಂದಲೇ. ಬಿಸಿ ಹೊಗೆ ಹೊರಗಿನ ಗಾಳಿಗಿಂತ ಹಗುರ. ಅದು ಮೇಲೇರಿದಂತೆ ಕೆಳಗಿನಿಂದ ಹೊಸ ಗಾಳಿ ಒಲೆಯೊಳಕ್ಕೆ ನುಗ್ಗುತ್ತದೆ. ಈ ಸೆಳೆತ ತೀರಾ ದುರ್ಬಲ. ಹತ್ತು ಅಡಿ ಎತ್ತರದ ಕೊಳವೆಯಲ್ಲಿ 150 ಡಿಗ್ರಿ ಸೆಲ್ಸಿಯಸ್ ಹೊಗೆ ತುಂಬಿದ್ದರೂ ಹುಟ್ಟುವ ಒತ್ತಡ ಸುಮಾರು ಒಂದು ಮಿಲಿಮೀಟರ್ ನೀರಿನಷ್ಟು ಮಾತ್ರ. ಹೊಗೆ ತಣ್ಣಗಾದಷ್ಟೂ ಅದೂ ಇಲ್ಲ. ಹೊಗೆಯನ್ನು ಹೊರಹಾಕುವ ಕೂಲಿಯನ್ನು ಶಾಖದ ರೂಪದಲ್ಲೇ ಕೊಡಬೇಕು. ಫ್ರಾಂಕ್ಲಿನ್ ಕೂಲಿಯನ್ನೂ ಉಳಿಸಲು ಹೊರಟಿದ್ದ. ಚಿಮಣಿಯ ಬುಡ ಕಾಯದಿದ್ದಾಗ ಹೊಗೆ ಕೋಣೆಗೇ ಮರಳುತ್ತಿತ್ತು. ಮುಂದೆ ಆತನ ಹೆಸರಿನಲ್ಲೇ ಮಾರಾಟವಾದ ಒಲೆಗಳಲ್ಲಿ ಆ ಸುತ್ತುದಾರಿಯನ್ನು ತಯಾರಕರು ಕೈಬಿಟ್ಟರು.

1785ರಲ್ಲಿ ಫ್ರಾನ್ಸಿನಿಂದ ಹಡಗಿನಲ್ಲಿ ಮರಳುವಾಗ, ಎಪ್ಪತ್ತೊಂಬತ್ತರ ಫ್ರಾಂಕ್ಲಿನ್ ಚಿಮಣಿಗಳು ಹೊಗೆಯುಗುಳಲು ಒಂಬತ್ತು ಕಾರಣಗಳನ್ನು ಪಟ್ಟಿಮಾಡಿ ವೈದ್ಯ ಮಿತ್ರನೊಬ್ಬನಿಗೆ ದೀರ್ಘ ಪತ್ರ ಬರೆದ. ಕೋಣೆಗೆ ಗಾಳಿ ಬರಲು ಸಂದೇ ಇಲ್ಲದಿರುವುದು, ಚಿಮಣಿ ಗಿಡ್ಡವಾಗಿರುವುದು, ಪಕ್ಕದ ಎತ್ತರದ ಕಟ್ಟಡ ಅಥವಾ ಗುಡ್ಡದಿಂದ ಗಾಳಿ ಕೆಳಮುಖವಾಗಿ ಬಡಿಯುವುದು ಅವುಗಳಲ್ಲಿ ಕೆಲವು. ಎಲ್ಲ ಮನೆಗೂ ಒಂದೇ ಮದ್ದಿಲ್ಲ ಎಂಬುದು ಆ ವೇಳೆಗೆ ಆತನಿಗೆ ಮನದಟ್ಟಾಗಿತ್ತು.

ಹತ್ತು ವರ್ಷಗಳ ನಂತರ ಲಂಡನ್ನಿನಲ್ಲಿ ಕೌಂಟ್ ರಂಫರ್ಡ್ ಒಲೆಯನ್ನು ಬಿಟ್ಟು ಚಿಮಣಿಗೇ ಕೈಹಾಕಿದ. (ಹುಟ್ಟಿನಿಂದ ಈತನೂ ಅಮೆರಿಕದವನು, ಹೆಸರೂ ಬೆಂಜಮಿನ್ನೇ!) ಅಗ್ಗಿಷ್ಟಿಕೆಯ ಹಿಂಗೋಡೆಯನ್ನು ಮುಂದಕ್ಕೆ ತಂದು, ಪಕ್ಕದ ಗೋಡೆಗಳನ್ನು ಓರೆ ಮಾಡಿ, ಚಿಮಣಿಯ ಗಂಟಲನ್ನು ನಾಲ್ಕು ಅಂಗುಲಕ್ಕೆ ಕಿರಿದುಗೊಳಿಸಿದ. ಕೋಣೆಯ ತಣ್ಣನೆ ಗಾಳಿ ಹೊಗೆಯೊಡನೆ ಬೆರೆಯುವುದು ತಪ್ಪಿ, ಸೆಳೆತ ಬಲವಾಯಿತು. ಕೆಲವು ಇಟ್ಟಿಗೆ, ಒಬ್ಬ ಗಾರೆಯವ, ಒಂದು ದಿನದ ಕೆಲಸ. ಲಂಡನ್ನಿನ ಶ್ರೀಮಂತರ ಮನೆಗಳಲ್ಲಿ ಅದೊಂದು ಶೋಕಿಯೇ ಆಗಿಹೋಯಿತು.

ಇಷ್ಟೆಲ್ಲ ತಿಳಿದಿದ್ದೂ ಎರಡು ಶತಮಾನಗಳ ನಂತರ ಅದೇ ತಪ್ಪು ನಡೆಯಿತು, ಈ ಬಾರಿ ಪ್ರಾಣಾಪಾಯದ ರೂಪದಲ್ಲಿ. 1973ರಲ್ಲಿ ತೈಲದ ಬೆಲೆ ಗಗನಕ್ಕೇರಿದಾಗ ಅಮೆರಿಕನ್ನರು ಮತ್ತೆ ಸೌದೆಗೆ ಮರಳಿದರು. ಬಿಗಿಯಾಗಿ ಮುಚ್ಚುವ ಉಕ್ಕಿನ ಒಲೆಗಳನ್ನು ತಂದು ಹಳೆಯ ಚಿಮಣಿಗಳಿಗೆ ಜೋಡಿಸಿದರು. ಒಲೆಯ ಕೊಳವೆಯ ವ್ಯಾಸ ಆರು ಅಂಗುಲ, ಅಂದರೆ ಸುಮಾರು 28 ಚದರ ಅಂಗುಲದ ದಾರಿ. ಅಡಿ ಉದ್ದ, ಅಡಿ ಅಗಲದ ಚಿಮಣಿಯಲ್ಲಿ ಆ ದಾರಿ 144 ಚದರ ಅಂಗುಲ. ಗಾಳಿ ಕಡಿಮೆ ಮಾಡಿ ರಾತ್ರಿಯಿಡೀ ಕುಮುಲಲು ಬಿಟ್ಟ ಬೆಂಕಿಯ ಹೊಗೆ ಆ ವಿಶಾಲ ಚಿಮಣಿಯಲ್ಲಿ ನಿಧಾನವಾಗಿ ಏರುತ್ತ, ತಣಿಯುತ್ತ, ಗೋಡೆಗೆ ಕ್ರಿಯೋಸೋಟ್ ಎಂಬ ಟಾರಿನಂಥ ಜಿಡ್ಡಾಗಿ ಅಂಟುತ್ತಿತ್ತು. ಅದು ಎಣ್ಣೆಯಂತೆ ಉರಿಯುವ ವಸ್ತು. ಹೊತ್ತಿಕೊಂಡರೆ ಚಿಮಣಿಯೊಳಗಿನ ಉಷ್ಣತೆ ಸಾವಿರ ಡಿಗ್ರಿ ಮೀರಬಹುದು. ಇಟ್ಟಿಗೆ ಬಿರಿದು ಮಾಡಿನ ಮರಕ್ಕೂ ಬೆಂಕಿ ತಗಲುತ್ತದೆ. ಚಿಮಣಿಯ ಅಡ್ಡಕೊಯ್ತ ಒಲೆಯ ಕೊಳವೆಯ ಮೂರು ಪಟ್ಟನ್ನು ಮೀರಬಾರದು, ಗೋಡೆ ಹೊರಚಳಿಗೆ ಒಡ್ಡಿಕೊಂಡಿದ್ದರೆ ಎರಡು ಪಟ್ಟನ್ನು ಮೀರಬಾರದು ಎಂಬುದು ಅಲ್ಲಿನ ಅಗ್ನಿಸುರಕ್ಷತಾ ನಿಯಮ. ಹಳೆಯ ಚಿಮಣಿಯೊಳಗೆ ಉಕ್ಕಿನ ಕೊಳವೆ ಇಳಿಸಿ ದಾರಿ ಕಿರಿದು ಮಾಡುವುದು ಈಗ ರೂಢಿ.

ಕರ್ನಾಟಕದ ಅಡುಗೆಮನೆಯ ಸಮಸ್ಯೆ ಇದಕ್ಕಿಂತ ಬೇರೆ. ಇಲ್ಲಿ ಬಹುಪಾಲು ಒಲೆಗಳಿಗೆ ಚಿಮಣಿಯೇ ಇರಲಿಲ್ಲ. ಹೊಗೆ ಹೆಂಚಿನ ಸಂದಿಯಲ್ಲೋ ಗವಾಕ್ಷಿಯಲ್ಲೋ ಹೋಗುವಷ್ಟು ಹೋಗಿ, ಮಿಕ್ಕದ್ದು ಮಾಡಿನ ಇಲ್ಲಣವಾಗಿ, ಊದುಗೊಳವೆ ಹಿಡಿದವಳ ಕಣ್ಣು, ಎದೆ ಸೇರುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಗುಂಪು 1980ರ ದಶಕದಲ್ಲಿ ರೂಪಿಸಿದ ಮೂರು ಪಾತ್ರೆಯ ಒಲೆಯಲ್ಲಿ ಒಲೆ, ಚಿಮಣಿಗಳ ಲೆಕ್ಕ ಒಟ್ಟಿಗೇ ನಡೆದಿತ್ತು. ಬೆಂಕಿಯ ಅಡಿಯಲ್ಲಿ ಜಾಲರಿ. ಮೂರು ಪಾತ್ರೆಗಳನ್ನು ಕಾಯಿಸಿದ ಮೇಲೂ ಚಿಮಣಿಯ ಕೂಲಿಗೆ ಬೇಕಾದಷ್ಟು ಶಾಖ ಉಳಿಯಬೇಕು. ಹಳೆಯ ಒಲೆ ಸೌದೆಯ ಶಾಖದಲ್ಲಿ ಶೇಕಡ 10ರ ಆಸುಪಾಸನ್ನು ಪಾತ್ರೆಗೆ ಮುಟ್ಟಿಸಿದರೆ, ‘ಅಸ್ತ್ರ ಒಲೆ’ ಪರೀಕ್ಷೆಗಳಲ್ಲಿ ಶೇಕಡ 30ಕ್ಕೂ ಹೆಚ್ಚು ಮುಟ್ಟಿಸಿತು.

ಆದರೆ ಈ ಲೆಕ್ಕ ಅಂಗುಲಗಳ ಲೆಕ್ಕ. ಪಾತ್ರೆ ಕುಣಿಗೆ ಸರಿಯಾಗಿ ಕೂರದಿದ್ದರೆ ತಣ್ಣನೆ ಗಾಳಿ ನುಗ್ಗಿ ಸೆಳೆತ ಸಾಯುತ್ತದೆ. ಕೊಳವೆಯಲ್ಲಿ ಮಸಿ ಕಟ್ಟಿದರೂ ಅಷ್ಟೇ. 1980ರ ದಶಕದಿಂದ 2002ರವರೆಗೆ ನಡೆದ ಕೇಂದ್ರದ ಸುಧಾರಿತ ಒಲೆ ಕಾರ್ಯಕ್ರಮ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಹಾಕಿಸಿತು. ಗುರಿ ಎಣಿಸಿದ್ದು ಒಲೆಗಳನ್ನು, ಉಜ್ಜಿದ ಚಿಮಣಿಗಳನ್ನಲ್ಲ. ಒಡಿಶಾದ 44 ಹಳ್ಳಿಗಳ ಸುಮಾರು 2,600 ಕುಟುಂಬಗಳಲ್ಲಿ ಚಿಮಣಿಯಿದ್ದ ಮಣ್ಣಿನ ಒಲೆಗಳನ್ನು ನಾಲ್ಕು ವರ್ಷ ಗಮನಿಸಿದ ಎಸ್ತರ್ ಡುಫ್ಲೋ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ವರದಿ ಇದನ್ನೇ ಹೇಳಿತು. ಮೊದಲ ವರ್ಷ ಹೊಗೆ ಸೇವನೆ ತಗ್ಗಿತು. ದುರಸ್ತಿ, ಬಳಕೆ ಕುಂದಿದಂತೆ ಆ ಲಾಭ ಇಲ್ಲವಾಯಿತು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಮಂದಿ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಹಳ್ಳಿಗಳಿಗೂ ಅನಿಲ ಬಂದಿದೆ. ಆದರೂ ಮಲೆನಾಡಿನ ಬಚ್ಚಲಲ್ಲಿ ಹಂಡೆಯ ಕೆಳಗೆ ಉರಿಯುವುದು ಇನ್ನೂ ಸೌದೆಯೇ. ಸೋಗೆ, ತೆಂಗಿನ ಗರಿ, ಹಸಿ ಕಟ್ಟಿಗೆ ಎಲ್ಲವೂ ಅದರ ಪಾಲು, ಹಸಿ ಸೌದೆಯಲ್ಲಿ ಜಿಡ್ಡೂ ಹೆಚ್ಚು. ಮಳೆಗಾಲಕ್ಕೆ ಮೊದಲು ಮಾಡು ಕೈಯಾಡಿಸುವಾಗಲೇ ಆ ಕೊಳವೆಯನ್ನೂ ಬಿಚ್ಚಿ ಮಸಿ ಕೊಡವಬೇಕು.