ಜಗಲಿಯಿಂದ ಹಾಲ್‌ಗೆ: ತೊಂಬತ್ತರ ದಶಕದ ಆಟ, ಮನರಂಜನೆ ಮತ್ತು ನಾವು

ಇತಿಹಾಸ ಎಂದರೆ ನಮಗೆ ರಾಜರು, ಯುದ್ಧಗಳು, ಇಸವಿಗಳು ನೆನಪಾಗುತ್ತವೆ. ಆದರೆ ಒಂದು ಮನೆಯಲ್ಲಿ ಯಾರಿಗೆ ಎಷ್ಟು ಬಿಡುವಿತ್ತು, ಆ ಬಿಡುವಿನಲ್ಲಿ ಅವರು ಏನು ಆಡಿದರು, ಯಾರು ಆಡಿದರು, ಯಾರು ಬರೀ ನೋಡುತ್ತ ಕೂತರು ಎಂಬುದಕ್ಕೂ ಒಂದು ಇತಿಹಾಸವಿದೆ. ಅದರಲ್ಲೂ ಹೆಣ್ಣುಮಕ್ಕಳ ಬಿಡುವಿನ ಇತಿಹಾಸವನ್ನು ಯಾರೂ ಅಷ್ಟಾಗಿ ಬರೆದಿಟ್ಟಿಲ್ಲ. ನಮ್ಮ ಮಹಿಳಾ ವೇದಿಕೆಯ ಈ ಸ್ಮರಣ ಸಂಚಿಕೆಗೆ ನಾನು ಆರಿಸಿಕೊಂಡದ್ದು 1991ರಿಂದ 2000ದವರೆಗಿನ ಹತ್ತು ವರ್ಷ. ಅರಸೀಕೆರೆಯಲ್ಲಿ ನಾನು ನಾಲ್ಕು ವರ್ಷದವಳಿದ್ದಾಗ ಶುರುವಾಗಿ, ನನಗೆ ಹದಿಮೂರು ತುಂಬುವ ಹೊತ್ತಿಗೆ ಮುಗಿದ ದಶಕವದು. ಈಗ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡು, ಮಗಳ ಕೈಯಿಂದ ಮೊಬೈಲ್ ಬಿಡಿಸುವುದೇ ದಿನದ ದೊಡ್ಡ ಆಟವಾಗಿರುವಾಗ, ಆ ಹತ್ತು ವರ್ಷಗಳಲ್ಲಿ ಏನೇನಾಯಿತು ಎಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕೆನಿಸಿತು.

ನಡುಮನೆಯ ಚೌಕಾಬಾರ

ದಶಕದ ಆರಂಭದಲ್ಲಿ ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಮಧ್ಯಾಹ್ನದ ಊಟ ಮುಗಿದು, ಪಾತ್ರೆ ತೊಳೆದಾದ ಮೇಲೆ, ಸಂಜೆಯ ಕಾಫಿಗೆ ಮೊದಲು ಸಿಗುತ್ತಿದ್ದ ಒಂದೂವರೆ ಗಂಟೆ ಹೆಂಗಸರದ್ದು. ಅಜ್ಜಿ ಸೀಮೆಸುಣ್ಣದಲ್ಲಿ ನೆಲದ ಮೇಲೆ ಐದು ಸಾಲು, ಐದು ಕಂಬದ ಮನೆ ಬರೆಯುತ್ತಿದ್ದರು. ಹೊರ ಸುತ್ತಿನಲ್ಲಿ 16 ಮನೆ, ಒಳ ಸುತ್ತಿನಲ್ಲಿ 8, ನಡುವೆ ಹಣ್ಣಾಗುವ ಒಂದು ಮನೆ, ಒಟ್ಟು 25. ನಾಲ್ಕೂ ಬದಿಯ ನಡುಮನೆಗಳಿಗೆ ಅಡ್ಡಗೆರೆಯ ಗುರುತು. ಅಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳ ಸುತ್ತಿಗೆ ಪ್ರವೇಶವಿಲ್ಲ ಎಂಬುದು ನಮ್ಮ ಮನೆಯ ಕಟ್ಟುನಿಟ್ಟು. ಕಾಯಿಗಳೆಂದರೆ ಒಬ್ಬರದು ಬಳೆಚೂರು, ಒಬ್ಬರದು ಹುಣಸೆಬೀಜ, ಒಬ್ಬರದು ಕಡ್ಡಿ, ಇನ್ನೊಬ್ಬರದು ಗುಂಡಿ.

ನಾಲ್ಕು ಕವಡೆ ಎಸೆದಾಗ ಎಷ್ಟು ಬಾಯಿ ಮೇಲೆ ಬೀಳುತ್ತವೋ ಅಷ್ಟು ಗರ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ, ಎಂದರೆ ಎಂಟು. ಚೌಕ ಬಾರ ಬಿದ್ದವರಿಗೆ ಇನ್ನೊಂದು ಆಟ. ಎಂಜಿನಿಯರಿಂಗ್‌ನಲ್ಲಿ ಸಂಭವನೀಯತೆಯ ಪಾಠ ಬಂದಾಗ ಇದನ್ನು ಕಾಗದದ ಮೇಲೆ ಹಾಕಿ ನೋಡಿದ್ದೆ. ಕವಡೆಯ ಎರಡು ಬದಿಗೂ ಸಮಾನ ಅವಕಾಶ ಎಂದುಕೊಂಡರೆ 16 ಬಗೆಯಲ್ಲಿ ಬೀಳಬಹುದು. ಅದರಲ್ಲಿ ಎರಡು ಬೀಳುವುದು 6 ಸಲ, ಒಂದು ಮತ್ತು ಮೂರು ತಲಾ 4 ಸಲ, ಚೌಕ ಮತ್ತು ಬಾರ ತಲಾ ಒಂದೇ ಸಲ. ಆದರೆ ಕವಡೆ ನಾಣ್ಯದಂತಲ್ಲ, ಅದರ ಬೆನ್ನು ಉಬ್ಬಿರುತ್ತದೆ. ಯಾವ ಕವಡೆ ಹೇಗೆ ಬೀಳುತ್ತದೆ ಎಂಬುದು ಅಜ್ಜಿಯ ಕೈಗೆ ಗೊತ್ತಿತ್ತು. ಮೂರನೇ ತರಗತಿಯವರೆಗೆ ಓದಿದ್ದ ಅವರು ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ಯಾವತ್ತೂ ನಿಲ್ಲುತ್ತಿರಲಿಲ್ಲ. "ಎರಡೇ ಕಣೇ ಜಾಸ್ತಿ ಬೀಳೋದು, ಅಲ್ಲಿ ನಿಂತ್ಕೋಬೇಡ" ಎನ್ನುತ್ತಿದ್ದರು.

ಈ ಆಟ ನಮ್ಮದೊಂದೇ ಊರಿನದಲ್ಲ. ಕರ್ನಾಟಕದಲ್ಲೇ ಕಟ್ಟೆಮನೆ, ಗಟ್ಟಾಮನೆ ಎಂಬ ಹೆಸರುಗಳಿವೆ. ಹೈದರಾಬಾದಿನ ಗೆಳತಿಯರು ಅಷ್ಟಾ ಚಮ್ಮಾ ಎಂದರೆ ಚೆನ್ನೈನವರು ದಾಯಂ ಎನ್ನುತ್ತಾರೆ. ಎರಡು ಸಾಲಿನಲ್ಲಿ ಏಳೇಳು ಗುಳಿಗಳ ಅಳಗುಳಿಮಣೆ ತುಳುನಾಡಿಗೆ ಹೋದರೆ ಚೆನ್ನೆಮಣೆ, ತಮಿಳಿನಲ್ಲಿ ಪಲ್ಲಾಂಗುಳಿ, ತೆಲುಗಿನಲ್ಲಿ ವಾಮನಗುಂಟಲು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಮಣೆಯಾಟಗಳಲ್ಲಿ ಎಷ್ಟು ಮುಳುಗಿದ್ದರೆಂದರೆ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೇ ಆಟದ ಮನೆಗಳನ್ನು ಬರೆಸಿದ್ದಾರೆ. ಅರಸರ ಆಟ ಹೀಗೆ ಗೋಡೆಯ ಮೇಲೆ ಉಳಿಯಿತು. ಅಜ್ಜಿಯ ಆಟವನ್ನು ಪ್ರತಿದಿನ ಸಂಜೆ ಒದ್ದೆ ಬಟ್ಟೆಯಿಂದ ಒರೆಸಿಬಿಡುತ್ತಿದ್ದರು.

ಆ ಒಂದೂವರೆ ಗಂಟೆಯಲ್ಲಿ ಆಟಕ್ಕಿಂತ ಮಾತೇ ಹೆಚ್ಚು. ಯಾರ ಮನೆಗೆ ಹೆಣ್ಣು ನೋಡಲು ಬಂದರು, ಯಾರ ಗಂಡ ಕುಡಿದು ಬಂದ, ಯಾರಿಗೆ ಸ್ವಲ್ಪ ದುಡ್ಡು ಬೇಕು ಎಲ್ಲವೂ ಅಲ್ಲೇ ಗೊತ್ತಾಗುತ್ತಿತ್ತು. ಪಕ್ಕದ ಮನೆಯ ಅತ್ತೆಯೊಬ್ಬರು ನಾಲ್ಕು ದಿನ ಆಟಕ್ಕೆ ಬರದಿದ್ದರೆ ಐದನೇ ದಿನ ಅಜ್ಜಿ ತಾವೇ ಅವರ ಮನೆ ಬಾಗಿಲಿಗೆ ಹೋಗುತ್ತಿದ್ದರು.

ಬೀದಿಯ ಆಟಕ್ಕೆ ವಯಸ್ಸಿನ ಗಡಿ

ಹೊರಗೆ ನಮ್ಮ ಸಾಮ್ರಾಜ್ಯ ಬೇರೆ. ಲಗೋರಿ, ಕುಂಟೆಬಿಲ್ಲೆ, ಕಣ್ಣಾಮುಚ್ಚಾಲೆ, ಮರಕೋತಿ, ಐದು ಕಲ್ಲಿನ ಆಟ. ಬೇಸಿಗೆ ರಜೆಗೆ ಗೋಲಿ, ಬುಗುರಿ, ಚಿನ್ನಿದಾಂಡು. ಯಾರೂ ಕ್ಯಾಲೆಂಡರ್ ಹಾಕದಿದ್ದರೂ ಯಾವ ತಿಂಗಳಲ್ಲಿ ಯಾವ ಆಟ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಆಟಕ್ಕೂ ಋತುವಿಗೂ ನಂಟು ನಮ್ಮ ನಾಡಿನಲ್ಲಿ ಹಳೆಯದು. ತುಳುನಾಡಿನಲ್ಲಿ ಚೆನ್ನೆಮಣೆ ಆಟಿ ತಿಂಗಳ ಮಳೆಯ ಆಟ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿ ಬಂತೆಂದರೆ ತವರಿಗೆ ಬಂದ ಹೆಣ್ಣುಮಕ್ಕಳಿಗೆ ಮರಕ್ಕೆ ಜೋಕಾಲಿ ಕಟ್ಟಬೇಕು. ಮದುವೆಯಾದವಳೂ ನಾಚದೆ ಮುಗಿಲೆತ್ತರಕ್ಕೆ ಜೀಕಬಹುದಾದ ದಿನಗಳವು.

ಉಳಿದ ದಿನಗಳಿಗೆ ಮಾತ್ರ ಬರೆಯದ ಒಂದು ನಿಯಮವಿತ್ತು. ಹುಡುಗಿ ಬೀದಿಯಲ್ಲಿ ಆಡುವುದು ಹನ್ನೆರಡು, ಹದಿಮೂರರವರೆಗೆ. ಆಮೇಲೆ ಅವಳು ಜಗಲಿಯಲ್ಲಿ ನಿಂತು ನೋಡುವವಳು. ನನ್ನ ಅಣ್ಣ ನನಗಿಂತ ಮೂರು ವರ್ಷ ದೊಡ್ಡವನು. ಅವನಿಗೆ ಹದಿಮೂರಾದಾಗ ಬೀದಿಯ ಕ್ರಿಕೆಟ್‌ನಿಂದ ರೈಲ್ವೆ ಮೈದಾನದ ಕ್ರಿಕೆಟ್‌ಗೆ ಬಡ್ತಿ ಸಿಕ್ಕಿತು. ನನಗೆ ಹದಿಮೂರಾದಾಗ ಸಿಕ್ಕಿದ್ದು ಎರಡು ಜಡೆ, ದುಪಟ್ಟಾ ಮತ್ತು "ಇನ್ನೇನು ಚಿಕ್ಕವಳಾ?" ಎಂಬ ಮಾತು. ಯಾರೂ ಗದರಲಿಲ್ಲ, ಯಾರೂ ತಡೆಯಲಿಲ್ಲ. ಒಂದು ದಿನ ಕರೆಯಲು ಯಾರೂ ಬರಲಿಲ್ಲ, ಅಷ್ಟೇ. ಶಾಲೆಯಲ್ಲೂ ಹುಡುಗರಿಗೆ ಕ್ರಿಕೆಟ್ ಬ್ಯಾಟು, ನಮಗೆ ಥ್ರೋಬಾಲ್ ಮತ್ತು ರಿಂಗು. ಖೋಖೋ ಒಂದರಲ್ಲಿ ಮಾತ್ರ ಎದೆ ಬಿರಿಯುವ ಹಾಗೆ ಓಡುವ ಅವಕಾಶವಿತ್ತು. ಅದಕ್ಕೇ ಇರಬೇಕು, ನನ್ನ ವಯಸ್ಸಿನ ಎಷ್ಟೋ ಕನ್ನಡತಿಯರಿಗೆ ಖೋಖೋ ಎಂದರೆ ಇವತ್ತಿಗೂ ಕಣ್ಣು ಅರಳುತ್ತದೆ.

ಆಂಟೆನಾದಿಂದ ಕೇಬಲ್‌ಗೆ

ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಶುರುವಾಗಿತ್ತು. 1982ರಲ್ಲಿ ದೇಶಕ್ಕೆ ಬಣ್ಣದ ಟಿವಿ ಬಂತು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್', ಆಮೇಲೆ ರಾಮಾಯಣ, ಮಹಾಭಾರತ ಎಲ್ಲವೂ ನಮ್ಮ ಹಿರಿಯರ ನೆನಪುಗಳು. ಹಿಂದಿ ಬಾರದ ಊರುಗಳಲ್ಲೂ ಜನ ಟಿವಿ ಇದ್ದ ಒಂದೇ ಮನೆಗೆ ಹೋಗಿ ಕೈಮುಗಿದು ನೋಡಿದ ಕಾಲವದು.

ನಮ್ಮ ದಶಕದಲ್ಲಿ ಆದದ್ದು ಬೇರೆ ತರಹದ ಬದಲಾವಣೆ. 1991ರ ಕೊಲ್ಲಿ ಯುದ್ಧವನ್ನು ಸಿಎನ್‌ಎನ್ ನೇರವಾಗಿ ತೋರಿಸಿದಾಗ ದೊಡ್ಡ ನಗರಗಳಲ್ಲಿ ಡಿಶ್ ಆಂಟೆನಾಗಳು ಎದ್ದವು. ಅದೇ ವರ್ಷ ಸ್ಟಾರ್, 1992ರಲ್ಲಿ ಝೀ, 1993ರಲ್ಲಿ ತಮಿಳಿನ ಸನ್, 1994ರ ಜೂನ್‌ನಲ್ಲಿ ಕನ್ನಡದ ಉದಯ ಟಿವಿ. ಮನೆಯಿಂದ ಮನೆಗೆ ಕಪ್ಪು ಕೇಬಲ್ ಎಳೆದು ತಿಂಗಳಿಗೊಮ್ಮೆ ದುಡ್ಡು ವಸೂಲಿಗೆ ಬರುವ ಹುಡುಗ ಪ್ರತಿ ಬಡಾವಣೆಯ ಹೊಸ ಮುಖವಾದ. ಸರ್ಕಾರ ಇದಕ್ಕೊಂದು ಕಾಯ್ದೆ ಮಾಡಿದ್ದು 1995ರಲ್ಲಿ. ಅಷ್ಟರಲ್ಲಿ ತಂತಿಗಳು ತೆಂಗಿನಮರಗಳ ಮೇಲೆಲ್ಲ ಹಬ್ಬಿಯಾಗಿತ್ತು.

ನಮ್ಮ ಮನೆಗೆ ಟಿವಿ ಬಂದದ್ದು 1994ರಲ್ಲಿ. ಅದಕ್ಕೆ ಜಾಗ ಮಾಡಲು ಚೌಕಾಬಾರ ಬರೆಯುತ್ತಿದ್ದ ಜಾಗದಲ್ಲೇ ಮೇಜು ಇಟ್ಟರು. ಆವರೆಗೆ ಅದು 'ನಡುಮನೆ', ಆಮೇಲೆ 'ಹಾಲ್'. ದುಂಡಗೆ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದವರು ಈಗ ಸಾಲಾಗಿ ಒಂದೇ ಕಡೆ ಮುಖ ಮಾಡಿ ಕೂತರು. ಅದೇ ವರ್ಷ ದೂರದರ್ಶನದಲ್ಲಿ 'ಶಾಂತಿ' ಎಂಬ ದೈನಂದಿನ ಧಾರಾವಾಹಿ ಮಧ್ಯಾಹ್ನದ ಹೊತ್ತಿಗೆ ಬಂತು. ಹೆಂಗಸರಿಗೆ ಬಿಡುವಾಗುವ ಹೊತ್ತು ಯಾವುದೆಂದು ಟಿವಿಯವರಿಗೂ ಗೊತ್ತಾಗಿತ್ತು.

ಇದನ್ನು ಬರೀ ನಷ್ಟ ಎಂದು ಬರೆದರೆ ಅನ್ಯಾಯವಾಗುತ್ತದೆ. 1998ರಲ್ಲಿ ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರ 'ಮಾಯಾಮೃಗ' ಶುರುವಾದಾಗ ಅಮ್ಮ ಒಲೆ ಆರಿಸಿ ಬಂದು ಕೂರುತ್ತಿದ್ದರು. ನಮ್ಮಂಥದೇ ಮನೆಗಳು, ನಮ್ಮಂಥದೇ ಕನ್ನಡ, ಕೆಲಸಕ್ಕೆ ಹೋಗಬೇಕೆನ್ನುವ, ಎದುರು ಮಾತಾಡುವ ಹೆಣ್ಣುಮಕ್ಕಳು. ಮಾರನೇ ದಿನ ಹಾಲಿನ ಬೂತಿನ ಮುಂದೆ ಅದೇ ಚರ್ಚೆ. ಚೌಕಾಬಾರದ ಸುತ್ತ ಆಗುತ್ತಿದ್ದ ಮಾತು ಪೂರ್ತಿ ನಿಂತಿರಲಿಲ್ಲ. ಆದರೆ ಪಕ್ಕದ ಮನೆಯ ಅತ್ತೆಯ ಕಷ್ಟದ ಜಾಗದಲ್ಲಿ ಧಾರಾವಾಹಿಯ ಹುಡುಗಿಯ ಕಷ್ಟ ಬಂದು ಕೂತಿತ್ತು.

ಕ್ರಿಕೆಟ್ ಎಂಬ ಹಬ್ಬ

ಕ್ರಿಕೆಟ್ಟೇ ಈ ದಶಕದ ದೊಡ್ಡ ಮನರಂಜನೆ ಎಂದರೆ ಯಾರೂ ತಕರಾರು ಮಾಡಲಾರರು. ನಾವು ಇವತ್ತು ನೂರಾರು ಚಾನೆಲ್ ನೋಡುತ್ತಿರುವುದರ ಹಿಂದೆಯೂ ಒಂದು ಕ್ರಿಕೆಟ್ ಜಗಳವಿದೆ. 1993ರ ಹೀರೋ ಕಪ್ ಪ್ರಸಾರದ ಹಕ್ಕನ್ನು ಬಂಗಾಳದ ಕ್ರಿಕೆಟ್ ಸಂಸ್ಥೆ ವಿದೇಶಿ ಕಂಪನಿಗೆ ಕೊಟ್ಟಾಗ ದೂರದರ್ಶನಕ್ಕೂ ಅದಕ್ಕೂ ವ್ಯಾಜ್ಯ ಹತ್ತಿತು. ಅದು ಸುಪ್ರೀಂ ಕೋರ್ಟಿಗೆ ಹೋಗಿ, 1995ರ ಫೆಬ್ರವರಿ 9ರಂದು ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು, ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದು ಎಂಬ ತೀರ್ಪು ಬಂತು.

1996ರ ಮಾರ್ಚ್ 9, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ಪಾಕಿಸ್ತಾನದ ವಿರುದ್ಧ ವಿಶ್ವಕಪ್ ಕ್ವಾರ್ಟರ್ ಫೈನಲ್. ಸಿಧು 93, ಕೊನೆಯಲ್ಲಿ ಜಡೇಜ ಬೀಸಿದ ಬ್ಯಾಟು, ಆಮೇಲೆ ಅಮೀರ್ ಸೊಹೇಲ್‌ಗೆ ನಮ್ಮ ವೆಂಕಟೇಶ್ ಪ್ರಸಾದ್ ಕೊಟ್ಟ ಉತ್ತರ. ಭಾರತ 39 ರನ್‌ಗಳಿಂದ ಗೆದ್ದಾಗ ಬೀದಿಯಲ್ಲಿ ದೀಪಾವಳಿ. ಅದೇ ಅಕ್ಟೋಬರ್ 21ರಂದು ಅದೇ ಮೈದಾನದಲ್ಲಿ ಟೈಟನ್ ಕಪ್. ಸಚಿನ್ ಔಟಾದಾಗ ಟಿವಿ ಆರಿಸಿದ ಮನೆಗಳೆಷ್ಟೋ. ಶ್ರೀನಾಥ್ ಮತ್ತು ಕುಂಬ್ಳೆ ಮುರಿಯದ ಒಂಬತ್ತನೇ ವಿಕೆಟ್‌ಗೆ 52 ರನ್ ಸೇರಿಸಿ ಆಸ್ಟ್ರೇಲಿಯಾವನ್ನು ಸೋಲಿಸಿದರು. 1999ರ ಫೆಬ್ರವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಕುಂಬ್ಳೆ ಒಂದೇ ಇನಿಂಗ್ಸ್‌ನ ಹತ್ತೂ ವಿಕೆಟ್ ಕಿತ್ತರು. ಕನ್ನಡಿಗರ ತಂಡವೇ ಭಾರತ ಎಂದು ನಾವು ಬೀಗಿದ ವರ್ಷಗಳವು.

ಆದರೆ 1997ರ ಡಿಸೆಂಬರ್‌ನಲ್ಲಿ ನಮ್ಮ ದೇಶದಲ್ಲೇ ಇನ್ನೊಂದು ವಿಶ್ವಕಪ್ ನಡೆಯಿತು. ಡಿಸೆಂಬರ್ 16ರಂದು ಮುಂಬೈನ ಬಾಂದ್ರಾದಲ್ಲಿ ಆಸ್ಟ್ರೇಲಿಯಾದ ಬೆಲಿಂಡಾ ಕ್ಲಾರ್ಕ್ ಡೆನ್ಮಾರ್ಕ್ ವಿರುದ್ಧ ಔಟಾಗದೆ 229 ಹೊಡೆದರು. ಗಂಡಸರು, ಹೆಂಗಸರು ಸೇರಿ ಏಕದಿನ ಪಂದ್ಯದ ಮೊದಲ ದ್ವಿಶತಕ ಅದು. ಗಂಡಸರಲ್ಲಿ ಸಚಿನ್ ಅದನ್ನು ಮುಟ್ಟಲು 2010 ಆಗಬೇಕಾಯಿತು. ಫೈನಲ್ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ. ಭಾರತದ ಹುಡುಗಿಯರು ಸೆಮಿಫೈನಲ್ ತನಕ ಬಂದಿದ್ದರು. ಪ್ರಸಾದ್ ಯಾವ ಎಸೆತದಲ್ಲಿ ಯಾರನ್ನು ಔಟ್ ಮಾಡಿದ ಎಂದು ಹೇಳಬಲ್ಲ ನಮ್ಮ ಬೀದಿಯಲ್ಲಿ ಈ ವಿಶ್ವಕಪ್‌ನ ಸುದ್ದಿಯೇ ಇರಲಿಲ್ಲ. ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ, ನಮ್ಮ ಬೆಂಗಳೂರಿನಲ್ಲೇ, ನಮ್ಮ ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ ಎಂಬುದು ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ. ಜಗಲಿಯಲ್ಲಿ ನಿಂತಿದ್ದ ಹದಿಮೂರರ ಹುಡುಗಿಗೆ ಆ ಒಂದು ಹೆಸರು ಸಿಕ್ಕಿದ್ದರೆ ಎಷ್ಟು ಬಲ ಬರುತ್ತಿತ್ತು!

ಬೆರಳ ತುದಿಯ ಆಟಗಳು

ದಶಕದ ಎರಡನೇ ಅರ್ಧದಲ್ಲಿ ಆಟ ಇನ್ನೂ ಚಿಕ್ಕದಾಗಿ ಅಂಗೈಗೆ ಬಂತು. ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್‌ನಲ್ಲಿ ಮಾರಿಯೋ, ಕಾಂಟ್ರಾ. ಬಾಡಿಗೆಗೆ ಆಡಿಸುವ ಅಂಗಡಿಯೂ ಪೇಟೆಯಲ್ಲಿತ್ತು, ಆದರೆ ಅಲ್ಲಿಗೆ ಹುಡುಗಿಯರು ಹೋಗುತ್ತಿರಲಿಲ್ಲ. ಶಾಲೆಯ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಿ, ಮೇಷ್ಟ್ರು ಆಚೆ ಹೋದಾಗ ಆಡುತ್ತಿದ್ದ 'ಡೇವ್' ಎಲ್ಲರಿಗೂ ಸಮಾನ.

ಜಾತ್ರೆಯಲ್ಲಿ ಅಣ್ಣ ಕೊಂಡುತಂದ ಬ್ರಿಕ್ ಗೇಮ್ ಮಾತ್ರ ನಮ್ಮ ಮನೆಯ ಇತಿಹಾಸ ಸೇರಿತು. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೊವ್ ರೂಪಿಸಿದ ಟೆಟ್ರಿಸ್‌ನ ಬಡ ತಮ್ಮ ಅದು. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ತಿರುಗಿಸಿ ಸಾಲು ತುಂಬಿಸಬೇಕು. ಅಣ್ಣನದೇ ಅತಿ ಹೆಚ್ಚು ಅಂಕ ಎಂದು ನಾವೆಲ್ಲ ನಂಬಿದ್ದೆವು. ಒಂದು ಬೆಳಿಗ್ಗೆ ನೋಡಿದರೆ ಅವನ ಅಂಕದ ಹೆಚ್ಚುಕಡಿಮೆ ಎರಡರಷ್ಟು ಪರದೆಯ ಮೇಲಿದೆ. ವಿಚಾರಿಸಿದಾಗ ಗೊತ್ತಾಯಿತು: ಎಲ್ಲರೂ ಮಲಗಿದ ಮೇಲೆ, ಬೆಳಗಿನ ದೋಸೆಗೆ ಹಿಟ್ಟು ರುಬ್ಬಿಟ್ಟು, ಅಡುಗೆಮನೆಯ ದೀಪದ ಕೆಳಗೆ ಅಮ್ಮ ಆಡುತ್ತಿದ್ದರು, ಶಬ್ದ ಆರಿಸಿಕೊಂಡು. "ಅಳಗುಳಿಮಣೆ ಥರಾನೇ ಕಣೋ, ಮುಂದಿನದನ್ನ ನೋಡ್ಕೊಂಡು ಹಾಕ್ಬೇಕು" ಎಂದರು, ಅಷ್ಟೇ. ಮಧ್ಯಾಹ್ನದ ಆಟದ ಗುಂಪು ಚದುರಿ ಆಗಲೇ ಮೂರು ವರ್ಷವಾಗಿತ್ತು. ಅಮ್ಮನಿಗೆ ಆಡುವ ಆಸೆ ಹೋಗಿರಲಿಲ್ಲ, ಜೊತೆ ಆಡುವವರು ಹೋಗಿದ್ದರು.

ಲೆಕ್ಕ ಹಾಕಿ ನೋಡಿದಾಗ

2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಶುರುವಾಯಿತು. ನೋಕಿಯಾ ಫೋನಿನಲ್ಲಿ ಹಾವಿನ ಆಟ ಬಂದಿತ್ತು. ದಶಕ ಮುಗಿಯಿತು. ಆಟ ಬೀದಿಯಿಂದ ಮನೆಯೊಳಗೆ, ದುಂಡು ಕೂಟದಿಂದ ಸಾಲಿಗೆ, ಸಾಲಿನಿಂದ ಒಬ್ಬೊಬ್ಬರ ಅಂಗೈಗೆ ಬಂದದ್ದು ಹತ್ತೇ ವರ್ಷದಲ್ಲಿ. ಇದರಿಂದ ನಮಗೆ ಸಿಕ್ಕಿದ್ದೂ ಇದೆ. ಮನೆಯೊಳಗೇ ಕೂತು ಜಗತ್ತು ನೋಡಿದೆವು. ಆ ಕಂಪ್ಯೂಟರ್ ಕೋಣೆಯ ಕುತೂಹಲವೇ ನನ್ನನ್ನು ಎಂ.ಟೆಕ್‌ವರೆಗೆ ಕರೆದುಕೊಂಡು ಹೋಯಿತು. 2025ರ ನವೆಂಬರ್ 2ರಂದು ನವಿ ಮುಂಬೈನಲ್ಲಿ ಭಾರತದ ಮಹಿಳೆಯರು ವಿಶ್ವಕಪ್ ಎತ್ತಿದಾಗ ನನ್ನ ಮಗಳು ಪಕ್ಕದಲ್ಲೇ ಕೂತು ನೋಡಿದಳು. ಅವಳಿಗೆ ಹೆಸರುಗಳ ಕೊರತೆಯಿಲ್ಲ.

ಕಳೆದುಕೊಂಡದ್ದನ್ನೂ ನಿಖರವಾಗಿ ಹೇಳಬೇಕು. ನಾವು ಕಳೆದುಕೊಂಡದ್ದು ಕವಡೆಯನ್ನಲ್ಲ, ಅದು ಇವತ್ತೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಕಳೆದುಕೊಂಡದ್ದು ದೊಡ್ಡ ಹೆಂಗಸರು ದಿನಕ್ಕೊಂದು ಗಂಟೆ ಯಾವ ಕಾರಣವೂ ಇಲ್ಲದೆ ಒಟ್ಟಿಗೆ ಆಡುವ ಹಕ್ಕನ್ನು. ಇವತ್ತು ನಮ್ಮಲ್ಲಿ ಯಾರಾದರೂ ವಾರದ ದಿನ ಮಧ್ಯಾಹ್ನ ಒಂದು ಗಂಟೆ ಆಡಿದೆ ಎಂದರೆ ನಮಗೇ ತಪ್ಪಿತಸ್ಥ ಭಾವನೆ. ಅಜ್ಜಿಗೆ ಆ ಭಾವನೆ ಇರಲಿಲ್ಲ.

ಕೊನೆಯದಾಗಿ ಗೆಳತಿಯರಲ್ಲಿ ಒಂದು ಕೋರಿಕೆ. ನಮ್ಮ ಸಂಘದಲ್ಲಿ ಬೀದರಿನಿಂದ ಚಾಮರಾಜನಗರದವರೆಗಿನ ಮನೆಗಳಿವೆ. ಪ್ರತಿ ಮನೆಯ ಚೌಕಾಬಾರಕ್ಕೂ ಒಂದೊಂದು ನಿಯಮ. ಜೋಡಿ ಕಾಯಿ ಕಟ್ಟಬಹುದೇ, ಮೂರು ಸಲ ಬಾರ ಬಿದ್ದರೆ ಏನು, ಹೊಡೆಯದೆ ಒಳಗೆ ಹೋಗಬಹುದೇ? ಈ ನಿಯಮಗಳು ಯಾವ ಪುಸ್ತಕದಲ್ಲೂ ಪೂರ್ತಿಯಾಗಿ ಸಿಗುವುದಿಲ್ಲ, ನಮ್ಮ ಅಮ್ಮಂದಿರ, ಅಜ್ಜಿಯರ ನೆನಪಿನಲ್ಲಿವೆ. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಆರೋಗ್ಯ, ಮಳೆ, ಬೆಲೆ ವಿಚಾರಿಸಿದ ಮೇಲೆ ಇದನ್ನೂ ಕೇಳಿ ಬರೆದುಕೊಳ್ಳಿ. ಮುಂದಿನ ಸಂಚಿಕೆಗೆ ಎಲ್ಲವನ್ನೂ ಒಟ್ಟು ಸೇರಿಸೋಣ. ಬರೆದುಕೊಂಡ ಮೇಲೆ ಒಂದು ಆಟ ಆಡಿಯೂ ನೋಡಿ, ನಿಮ್ಮ ಹಾಲ್‌ನಲ್ಲೇ, ದುಂಡಗೆ ಕೂತು.